ಮಳೆಗಾಲದ ಬಸವನ ಹುಳು ಮತ್ತು ನಮ್ಮ ತರಕಾರಿ ಮಡಿ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆ ಮಾತನಾಡಲು ನಾವು ಆರಿಸಿಕೊಂಡಿರುವ ವಿಷಯ ಬಹಳ ಚಿಕ್ಕದು. ನಿಜ ಹೇಳಬೇಕಾದರೆ ಅದು ಅಂಗೈಯಗಲದ್ದು. ಸಾಹಿತ್ಯ, ಸಂಗೀತ, ಏಕೀಕರಣ ಇವುಗಳ ವಿಚಾರವಾಗಿ ಮಾತು ಕೇಳಿ ಅಭ್ಯಾಸವಾದ ಈ ಸಭೆಗೆ ಬಸವನ ಹುಳುವಿನ ಪುರಾಣವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಕಳೆದ ಮಳೆಗಾಲದಲ್ಲಿ ಈ ವಾಚನಾಲಯಕ್ಕೆ ಬರುವ ಬಂಧುಗಳ ಬಾಯಲ್ಲಿ ದಿನಪತ್ರಿಕೆಯ ಸುದ್ದಿಗಿಂತ ಹೆಚ್ಚಾಗಿ ಕೇಳಿಬಂದದ್ದು ಈ ಹುಳುವಿನ ಸುದ್ದಿಯೇ. ಹರಿವೆ ಹೋಯಿತು, ಮೆಂತ್ಯ ಮೊಳಕೆಯಲ್ಲೇ ಹೋಯಿತು, ಬಸಳೆಯ ಬಳ್ಳಿಯಲ್ಲಿ ದಂಟು ಮಾತ್ರ ಉಳಿಯಿತು ಎಂಬ ಮಾತುಗಳೇ ಎಲ್ಲೆಲ್ಲೂ.

ನಮ್ಮಲ್ಲಿ ಎಕರೆಗಟ್ಟಲೆ ಜಮೀನುಳ್ಳವರು ಈ ಊರಿನಲ್ಲಿ ಯಾರೂ ಇಲ್ಲ. ಹೋಟೆಲಿನಲ್ಲಿ ದುಡಿಯುವವರು, ಕಚೇರಿಯಲ್ಲಿ ಬರೆಯುವವರು, ಕಾರ್ಖಾನೆಯಲ್ಲಿ ಪಾಳಿ ಮಾಡುವವರು ನಾವು. ಮನೆಯ ಹಿಂದೆ ಬಾವಿಕಟ್ಟೆಯ ಪಕ್ಕ ನಾಲ್ಕು ಅಡಿ ನೆಲ, ಇಲ್ಲವೇ ಮಾಳಿಗೆಯ ಮೇಲೆ ಹತ್ತು ಕುಂಡ, ಇಷ್ಟೇ ನಮ್ಮ ಜಮೀನ್ದಾರಿಕೆ. ಅಷ್ಟರಲ್ಲೇ ಊರಿನಿಂದ ತಂದ ಬೀಜ ಬಿತ್ತಿ, ವಾರದಲ್ಲಿ ಎರಡು ದಿನದ ಸೊಪ್ಪನ್ನು ಕೊಳ್ಳದೆ ಕಳೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ಉಳಿತಾಯ ದೊಡ್ಡದಲ್ಲದಿದ್ದರೂ ಸಂಬಳದ ಕೊನೆಯ ವಾರದಲ್ಲಿ ಅದರ ಬೆಲೆ ಏನೆಂಬುದನ್ನು ಈ ಸಭೆಗೆ ವಿವರಿಸಿ ಹೇಳಬೇಕಾಗಿಲ್ಲ. ಆದುದರಿಂದ ಈ ಹುಳು ಯಾವುದು, ಯಾವಾಗ ಬರುತ್ತದೆ, ಮನೆಮದ್ದುಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ ಎಂಬುದನ್ನು ಕ್ರಮವಾಗಿ ನೋಡೋಣ.

ಬಂದ ದಾರಿ

ಕೊಂಬು ಚಾಚಿ ಮೆಲ್ಲನೆ ನಡೆಯುವ ಈ ಜೀವಿಯನ್ನು ನಮ್ಮ ಹಿರಿಯರು ಬಸವನ ಹುಳು ಎಂದು ಕರೆದರು. ಶಂಖದ ಹುಳು ಎಂದೂ ಹೇಳುವುದುಂಟು. ಇಲ್ಲಿನ ತಮಿಳು ಬಂಧುಗಳಿಗೆ ಇದು ನತ್ತೈ. ಚಿಪ್ಪಿಲ್ಲದ, ಕರಿಬಣ್ಣದ, ತೊಗಲಿನ ತುಂಡಿನಂತೆ ಗೋಡೆಯ ಬುಡಕ್ಕೆ ಅಂಟಿಕೊಂಡಿರುವ ಇನ್ನೊಂದು ಜಾತಿಯನ್ನು ನಾವು ಸಿಂಬಳದ ಹುಳು ಎನ್ನುತ್ತೇವೆ. ಎರಡೂ ಒಂದೇ ವಂಶದ ದಾಯಾದಿಗಳು.

ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಇದ್ದ ಸಣ್ಣ ಬಸವನ ಹುಳುಗಳಿಂದ ಅಂತಹ ಹಾನಿಯೇನೂ ಇರಲಿಲ್ಲ. ಇಂದು ಚೆನ್ನೈಯ ಗೋಡೆಗಳ ಮೇಲೆ ಏರುತ್ತಿರುವ, ಹಿಡಿ ತುಂಬುವಷ್ಟು ದೊಡ್ಡದಾದ, ಕಂದು ಪಟ್ಟೆಯ ಶಂಖದ ಹುಳು ಪರದೇಶಿ. ಇದರ ತವರು ಪೂರ್ವ ಆಫ್ರಿಕ. ಅಲ್ಲಿಂದ ಮಡಗಾಸ್ಕರ್, ಮಾರಿಷಸ್ ದ್ವೀಪಗಳಿಗೆ ಬಂದಿತು. ವಿಲಿಯಂ ಹೆನ್ರಿ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ, ಶಂಖ ಚಿಪ್ಪುಗಳ ಶಾಸ್ತ್ರದಲ್ಲಿ ಆಸಕ್ತನಾಗಿದ್ದವನು, 1847ರಲ್ಲಿ ಮಾರಿಷಸ್‌ನಿಂದ ಇವುಗಳನ್ನು ಕಲ್ಕತ್ತೆಗೆ ತಂದನು. ಅಲ್ಲಿ ಚೌರಂಗಿಯ ಒಂದು ತೋಟದಲ್ಲಿ ಬಿಟ್ಟ ಕೆಲವು ಹುಳುಗಳ ಸಂತತಿಯೇ ಈ ದೇಶದಲ್ಲಿ ಇದರ ಬೇರು. ಸಸಿಯ ಬುಡದ ಮಣ್ಣಿನಲ್ಲಿ, ಮರದ ದಿಮ್ಮಿಯಲ್ಲಿ, ಲಾರಿಯ ತಳದಲ್ಲಿ ಸವಾರಿ ಮಾಡುತ್ತ ಅದು ಊರೂರು ತಿರುಗಿತು. ಕೇರಳದ ತೋಟಗಳಲ್ಲಿಯೂ ಕೊಡಗಿನ ಶನಿವಾರಸಂತೆಯ ಕಡೆಯ ಕಾಫಿ ತೋಟಗಳಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಇದರ ಹಾವಳಿಯನ್ನು ಬೆಳೆಗಾರರು ಕಂಡಿದ್ದಾರೆ.

ಈ ಹುಳುವಿನ ಬಲವಿರುವುದು ನಡಿಗೆಯಲ್ಲಲ್ಲ, ಸಂತಾನದಲ್ಲಿ. ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಬೆಳೆದ ಹುಳು ಒಂದು ಸಲಕ್ಕೆ ನೂರರಿಂದ ನಾಲ್ಕು ನೂರರವರೆಗೆ ಮೊಟ್ಟೆಯಿಡಬಲ್ಲದು, ವರ್ಷದಲ್ಲಿ ಹಲವು ಸಲ ಇಡಬಲ್ಲದು. ಮೊಟ್ಟೆಗಳು ನೆನೆದ ಸಾಬುದಾನಿಯಂತೆ ಬೆಳ್ಳಗೆ ದುಂಡಗೆ ಮಣ್ಣಿನೊಳಗೆ ಗುಂಪಾಗಿರುತ್ತವೆ. ಹುಳು ಸುಮಾರು ಐದಾರು ವರ್ಷ ಬದುಕುತ್ತದೆ. ಬಿಸಿಲು ಬಂದರೆ ಸಾಯುವುದಿಲ್ಲ. ಚಿಪ್ಪಿನ ಬಾಯಿಗೆ ಬಿಳಿಯ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ತಿನ್ನುವ ಈ ಜೀವಿಗೆ ನಮ್ಮ ಹರಿವೆ ಬಸಳೆಗಳು ಮೃಷ್ಟಾನ್ನವಾದುದರಲ್ಲಿ ಆಶ್ಚರ್ಯವೇನು?

ಇಲ್ಲಿನ ಪಂಚಾಂಗ ಬೇರೆ

ಊರಿನಿಂದ ಹೊಸದಾಗಿ ಬಂದವರು ಒಂದು ವಿಷಯವನ್ನು ಗಮನದಲ್ಲಿಡಬೇಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಯೆಂದರೆ ಜೇಷ್ಠ ಆಷಾಢ. ಮೃಗಶಿರೆ ಆರಿದ್ರೆಗಳಲ್ಲಿ ಹುಳುಹುಪ್ಪಟೆ ಏಳುತ್ತವೆ. ಚೆನ್ನೈಯಲ್ಲಿ ಹಾಗಲ್ಲ. ಈ ಊರಿಗೆ ವರ್ಷಕ್ಕೆ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದಲ್ಲಿ. ಚಳಿಗಾಲದ ಸೊಪ್ಪು ತರಕಾರಿಗಳ ಬಿತ್ತನೆಯೂ ಸುಮಾರಿಗೆ ಅದೇ ಕಾಲ. ಅಂದರೆ ನಮ್ಮ ಎಳೆಯ ಸಸಿ ತಲೆಯೆತ್ತುವ ವೇಳೆಗೇ ಹುಳುವೂ ನಿದ್ದೆಯಿಂದ ಏಳುತ್ತದೆ. 2015ರ ಡಿಸೆಂಬರಿನ ಮಹಾಪೂರ, 2023ರ ಡಿಸೆಂಬರಿನ ಬಿರುಗಾಳಿ ಮಳೆ, ಇವನ್ನು ಕಂಡವರಿಗೆ ಈ ಊರಿನ ಮಳೆಯ ಸ್ವಭಾವ ತಿಳಿದೇ ಇದೆ.

ಆದುದರಿಂದ ಹುಳುವಿನ ಕೆಲಸಕ್ಕೆ ನಾವು ಕೈಹಾಕಬೇಕಾದದ್ದು ಮಳೆಗೆ ಮುಂಚೆ, ನವರಾತ್ರಿಯ ಹೊತ್ತಿಗೆ. ಇಟ್ಟಿಗೆಯ ರಾಶಿ, ಮುರಿದ ಹೆಂಚು, ಒಡೆದ ಕುಂಡ, ಗೋಡೆಯ ಬುಡದ ಕಸ, ಇವೆಲ್ಲ ಅದರ ಛತ್ರಗಳು. ಅವನ್ನು ತೆಗೆದು ಬಿಸಿಲು ಬೀಳುವಂತೆ ಮಾಡಿರಿ. ಮಡಿಯ ಮಣ್ಣನ್ನು ಗುದ್ದಲಿಯಿಂದ ಮೊಗಚಿರಿ. ಮೊಟ್ಟೆಗಳು ಕಂಡರೆ ಆಯ್ದು ಜಜ್ಜಿ ಹಾಕಿರಿ. ಆಗ ಒಂದು ಗುಂಪನ್ನು ತೆಗೆದವನು ಕಾರ್ತಿಕದಲ್ಲಿ ನೂರು ಹುಳುಗಳನ್ನು ಆರಿಸುವ ಶ್ರಮ ತಪ್ಪಿಸಿಕೊಂಡಂತೆ.

ಮನೆಮದ್ದುಗಳ ಪರೀಕ್ಷೆ

ಇನ್ನು ಮನೆಮದ್ದುಗಳ ಮಾತು. ಪ್ರತಿಯೊಬ್ಬರೂ ಒಂದೊಂದು ಹೇಳುತ್ತಾರೆ. ಎಲ್ಲವನ್ನೂ ತಳ್ಳಿಹಾಕಲೂಬಾರದು, ಎಲ್ಲವನ್ನೂ ನಂಬಲೂಬಾರದು.

ಮೊದಲನೆಯದು ಮೊಟ್ಟೆಯ ಸಿಪ್ಪೆ. ಹೋಟೆಲಿನಿಂದ ತಂದು ಪುಡಿಮಾಡಿ ಗಿಡದ ಸುತ್ತ ಹರಡಿದರೆ ಹುಳುವಿನ ಮೈಗೆ ಚುಚ್ಚುತ್ತದೆ ಎಂಬುದು ಹೇಳಿಕೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ, ಚೂಪಾದ ಮರಳುಕಲ್ಲು, ಮರದ ತೊಗಟೆ, ಉಣ್ಣೆಯ ಗುಳಿಗೆ ಈ ಐದನ್ನೂ ಸೊಪ್ಪಿನ ಗಿಡಗಳ ಸುತ್ತ ಹಾಕಿ ನೋಡಿದರು. ಯಾವ ಕಾಪೂ ಇಲ್ಲದ ಗಿಡಕ್ಕೂ ಇವುಗಳಿಗೂ ಹಾನಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಹುಳು ತನ್ನ ಲೋಳೆಯನ್ನೇ ಚಾಪೆಯಂತೆ ಹಾಸಿಕೊಂಡು ದಾಟಿಬಿಡುತ್ತದೆ. ಅದೂ ಅಲ್ಲದೆ ಚಿಪ್ಪು ಕಟ್ಟಲು ಅದಕ್ಕೆ ಸುಣ್ಣದಂಶ ಬೇಕು. ಸುಣ್ಣ ಬಳಿದ ಗೋಡೆಯನ್ನು ಅದು ಕೆರೆದು ತಿನ್ನುವುದು ಇದಕ್ಕಾಗಿಯೇ. ಮೊಟ್ಟೆ ಸಿಪ್ಪೆ ಹರಡುವುದೆಂದರೆ ಕಳ್ಳನಿಗೆ ಬಾಗಿಲಲ್ಲೇ ಎಲೆ ಹಾಕಿದಂತೆ.

ಎರಡನೆಯದು ಬೂದಿ. ಸೌದೆ ಒಲೆಯ ಬೂದಿ, ಹೊಟ್ಟಿನ ಬೂದಿ ಒಣಗಿರುವಷ್ಟು ಹೊತ್ತು ತಕ್ಕಮಟ್ಟಿಗೆ ತಡೆಯುತ್ತದೆ; ಹುಳುವಿನ ಮೈಯ ಪಸೆಯನ್ನು ಅದು ಹೀರುತ್ತದೆ. ಒಂದು ಮಳೆ ಬಿತ್ತೆಂದರೆ ಮುಗಿಯಿತು. ಹುಳು ಬರುವುದೇ ಮಳೆಯಲ್ಲಿ! ಆದುದರಿಂದ ಸೂರಿನ ಕೆಳಗಿರುವ ಕುಂಡಗಳಿಗೆ ಮಾತ್ರ ಬೂದಿ ಪ್ರಯೋಜನಕಾರಿ.

ಮೂರನೆಯದು ಉಪ್ಪು. ಉಪ್ಪು ಬಿದ್ದರೆ ಹುಳು ಸಾಯುವುದು ನಿಜ. ಆದರೆ ಮಡಿಯ ಮೇಲೆ ಉಪ್ಪು ಎರಚಿದರೆ ಹುಳುವಿನೊಡನೆ ಗಿಡವೂ ಸಾಯುತ್ತದೆ, ಮಣ್ಣೂ ಕೆಡುತ್ತದೆ. ಸಮುದ್ರ ತೀರದ ಈ ಊರಿನ ಅನೇಕ ಬೀದಿಗಳಲ್ಲಿ ಕೊಳವೆಬಾವಿಯ ನೀರೇ ಉಪ್ಪು. ಇರುವ ಉಪ್ಪಿಗೆ ನಾವು ಇನ್ನಷ್ಟು ಸೇರಿಸುವುದು ಬೇಡ. ಉಪ್ಪಿನ ಸ್ಥಾನ ಬಕೆಟ್ಟಿನಲ್ಲಿ, ಮಡಿಯಲ್ಲಲ್ಲ.

ನಾಲ್ಕನೆಯದು ಕಾಫಿ. ಇದನ್ನು ಕೇಳಿ ನಮ್ಮ ಹೋಟೆಲ್ ಬಂಧುಗಳ ಮುಖ ಅರಳುತ್ತಿದೆ! ಹವಾಯಿ ದ್ವೀಪದಲ್ಲಿ ಅಮೇರಿಕದ ಕೃಷಿ ವಿಜ್ಞಾನಿಗಳು ಕಾಫಿಯ ಸತ್ತ್ವವಾದ ಕೆಫೀನನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ನೂರಕ್ಕೆ ಒಂದೆರಡು ಪಾಲಿನಷ್ಟು ಕೆಫೀನ್ ಇರುವ ನೀರು ಹುಳುವನ್ನು ಕೊಲ್ಲುತ್ತದೆ. ನೂರರಲ್ಲಿ ಒಂದು ಪಾಲಿನ ನೂರನೆಯ ಒಂದಂಶವಿದ್ದರೂ ಎಲೆ ತಿನ್ನುವುದು ಕಡಿಮೆಯಾಗುತ್ತದೆ. ನಾವು ಕುಡಿಯುವ ಕಾಫಿಯಲ್ಲಿ ಇದಕ್ಕಿಂತ ಹೆಚ್ಚು ಕೆಫೀನ್ ಇದೆ. ಆದುದರಿಂದ ಉಳಿದ ಡಿಕಾಕ್ಷನ್ನನ್ನು ನೀರು ಬೆರೆಸಿ ಮಣ್ಣಿಗೆ ಚಿಮುಕಿಸುವುದರಲ್ಲಿ ಅರ್ಥವಿದೆ. ಹಾಲು ಸಕ್ಕರೆ ಬೆರೆತದ್ದು ಬೇಡ, ಇರುವೆ ಬರುತ್ತದೆ. ಗಟ್ಟಿ ಡಿಕಾಕ್ಷನ್ನೂ ಬೇಡ; ಎಳೆಯ ಎಲೆ ಸುಟ್ಟೀತು. ಸೋಸಿ ಉಳಿದ ಚರಟದಿಂದ ಮಾತ್ರ ಹೆಚ್ಚಿನ ಫಲ ಬಯಸಬಾರದು. ಸತ್ತ್ವವೆಲ್ಲ ಲೋಟಕ್ಕೆ ಇಳಿದ ಮೇಲೆ ಅದರಲ್ಲಿ ಉಳಿಯುವುದು ಅಲ್ಪ.

ಐದನೆಯದು ಹುಳಿ ಹಿಟ್ಟು. ಪಾಶ್ಚಾತ್ಯರು ಬಿಯರನ್ನು ತಟ್ಟೆಯಲ್ಲಿಟ್ಟು ಹುಳುವನ್ನು ಮುಳುಗಿಸುತ್ತಾರೆ. ಆ ಬಾಟಲಿನ ಬೆಲೆಗೆ ನಮಗೆ ವಾರದ ಸೊಪ್ಪು ಬಂದೀತು! ಆದರೆ ಹುಳುವನ್ನು ಕರೆಯುವುದು ಮದ್ಯವಲ್ಲ, ಹುದುಗಿನ ವಾಸನೆ. ಮೈದಾ ನೀರು ಈಸ್ಟ್ ಕಲಸಿ ಹುಳಿ ಬರಿಸಿದ ಹಿಟ್ಟು ಸಾಕಾಗುತ್ತದೆ ಎಂದು ಅಮೇರಿಕದ ಸಂಶೋಧಕರು 2021ರಲ್ಲಿ ತೋರಿಸಿದ್ದಾರೆ. ಈ ನ್ಯಾಯದಂತೆ ನಮ್ಮ ಮನೆಗಳಲ್ಲಿ ಹುಳಿ ಮೀರಿದ ದೋಸೆ ಹಿಟ್ಟನ್ನು ಚೆಲ್ಲುವ ಬದಲು ತೆಂಗಿನ ಕರಟದಲ್ಲಿ ಹಾಕಿ, ಮಡಿಯಿಂದ ಎರಡು ಮೂರು ಮೊಳ ದೂರದಲ್ಲಿ ಇಟ್ಟು ನೋಡುವುದು ಒಳ್ಳೆಯದು. ಸಣ್ಣ ಹುಳುಗಳು ಅದರಲ್ಲೇ ಬೀಳುತ್ತವೆ. ದೊಡ್ಡವು ಸುತ್ತ ನೆರೆದಾಗ ಆರಿಸಬಹುದು. ಬೆಳಗಾದೊಡನೆ ಕರಟವನ್ನು ಬರಿದು ಮಾಡತಕ್ಕದ್ದು.

ಆರನೆಯದು ಹೊಗೆಸೊಪ್ಪು ಮತ್ತು ಮೈಲುತುತ್ತ. ಅಡಕೆ ತೋಟದ ಬೋರ್ಡೋ ದ್ರಾವಣವನ್ನು ಬಲ್ಲ ನಮ್ಮವರಿಗೆ ಮೈಲುತುತ್ತ ಹೊಸದಲ್ಲ. ಕೇರಳದ ಕೃಷಿ ತಜ್ಞರು ಹೇಳುವ ಲೆಕ್ಕ ಹೀಗಿದೆ: 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸುವುದು, 60 ಗ್ರಾಂ ಮೈಲುತುತ್ತವನ್ನು ಬೇರೊಂದು ಲೀಟರ್ ನೀರಿನಲ್ಲಿ ಕರಗಿಸುವುದು, ಎರಡನ್ನೂ ಸೇರಿಸಿ ಸೋಸಿ ಹುಳುಗಳ ಮೇಲೆ ಸಿಂಪಡಿಸುವುದು. ಇದು ಕೆಲಸ ಮಾಡುತ್ತದೆ. ಆದರೆ ಎರಡೂ ವಿಷ. ಗೋಡೆಯ ಬುಡ, ಚರಂಡಿಯ ಅಂಚು, ಹುಳು ಅಡಗುವ ಜಾಗ, ಇಷ್ಟಕ್ಕೆ ಮಾತ್ರ ಅದನ್ನು ಬಳಸಬೇಕು. ತಿನ್ನುವ ಸೊಪ್ಪಿನ ಮೇಲೆ ಬೀಳಬಾರದು, ಬಾವಿಯ ಹತ್ತಿರ ಕೂಡದು, ಮಾಡಿದ ಪಾತ್ರೆ ಅಡಿಗೆಮನೆಗೆ ಹಿಂತಿರುಗಬಾರದು.

ಅಂಗಡಿಯಲ್ಲಿ ಮಾರುವ ಮೆಟಾಲ್ಡಿಹೈಡ್ ಗುಳಿಗೆಯ ವಿಚಾರದಲ್ಲಿ ಇನ್ನೂ ಎಚ್ಚರಿಕೆ ಬೇಕು. ನಾಯಿ ಬೆಕ್ಕುಗಳು ಅದನ್ನು ತಿಂದು ಸಾಯುತ್ತವೆ. ತೆವಳುವ ಮಗುವಿರುವ ಮನೆಗೆ ಅದು ಕೂಡದು.

ನೆಚ್ಚತಕ್ಕ ಉಪಾಯ

ಹಾಗಾದರೆ ನೆಚ್ಚತಕ್ಕದ್ದು ಯಾವುದು? ಕೈಯಿಂದ ಆರಿಸುವುದೇ. ಖರ್ಚಿಲ್ಲದ್ದು, ತಪ್ಪದೆ ಫಲ ಕೊಡುವಂಥದು. ಸಂಜೆ ಒಂದು ಹಳೆಯ ಗೋಣಿಚೀಲವನ್ನು ನೆನೆಸಿ, ಮಡಿಯ ಪಕ್ಕದಲ್ಲಿ ಹಾಸಿ, ಅದರ ಅಡಿಯಲ್ಲಿ ಪರಂಗಿ ಎಲೆ, ಪರಂಗಿ ಸಿಪ್ಪೆ ಅಥವಾ ಕೋಸಿನ ಹೊರ ಎಲೆಗಳನ್ನು ಇಡಿರಿ. ರಾತ್ರಿಯೆಲ್ಲ ಮೇದ ಹುಳುಗಳು ಬೆಳಗಿನ ಬಿಸಿಲಿಗೆ ಹೆದರಿ ಆ ಚೀಲದ ಕೆಳಗೆ ಸೇರಿಕೊಳ್ಳುತ್ತವೆ. ಕಚೇರಿಗೆ ಹೊರಡುವ ಮುನ್ನ ಹತ್ತು ನಿಮಿಷದ ಕೆಲಸ ಅಷ್ಟೆ. ರಾತ್ರಿ ಪಾಳಿ ಮುಗಿಸಿ ಬರುವವರು ಟಾರ್ಚು ಹಿಡಿದು ನೋಡಿದರೆ ಹುಳು ಗಿಡದ ಮೇಲೆಯೇ ಸಿಕ್ಕುತ್ತದೆ.

ಆರಿಸಿದ್ದನ್ನು ಧಾರಾಳವಾಗಿ ಉಪ್ಪು ಕರಗಿಸಿದ ನೀರಿನ ಬಕೆಟ್ಟಿಗೆ ಹಾಕಿ ಮುಚ್ಚಿಡಿರಿ. ಸತ್ತ ಮೇಲೆ ಉಪ್ಪುನೀರನ್ನು ಚರಂಡಿಗೆ ಚೆಲ್ಲಿ, ಹುಳುಗಳನ್ನು ಚಿಪ್ಪು ಸಹಿತ ಜಜ್ಜಿ, ಮಡಿಯಿಂದ ದೂರ ಒಂದು ಮೊಳ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಚಿಪ್ಪನ್ನು ಹಾಗೆಯೇ ಎಸೆದರೆ ಅದರಲ್ಲಿ ಮಳೆನೀರು ನಿಂತು ಡೆಂಗ್ಯೂ ಹರಡುವ ಸೊಳ್ಳೆ ಮರಿ ಮಾಡುತ್ತದೆ. ಒಂದು ಕಾಟ ಕಳೆದು ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಬಸವನ ಹೆಸರಿನ ಜೀವಿಯನ್ನು ಕೊಲ್ಲಲು ಕೆಲವರಿಗೆ ಮನಸ್ಸು ಬಾರದಿರುವುದು ಸಹಜ. ಅಂಥವರು ಮೊಟ್ಟೆಯ ಹಂತದಲ್ಲೇ ತಡೆಯುವುದಕ್ಕೂ ಗಿಡಕ್ಕೆ ಕಾಪು ಮಾಡುವುದಕ್ಕೂ ಹೆಚ್ಚು ಗಮನ ಕೊಡಲಿ. ಕುಂಡಗಳನ್ನು ಹಲಗೆಯ ಮೇಲಿಟ್ಟು, ಹಲಗೆಯ ಕಾಲುಗಳಿಗೆ ಉಪ್ಪುನೀರಿನ ಬಟ್ಟಲು ಕೊಡಬಹುದು. ನಮ್ಮ ಅಜ್ಜಿಯರು ಹಾಲಿನ ಬೀರುವಿಗೆ ಇರುವೆ ಏರದಂತೆ ಮಾಡುತ್ತಿದ್ದುದು ಇದೇ ಉಪಾಯವಲ್ಲವೇ? ಗಿಡಕ್ಕೆ ನೀರನ್ನು ಸಂಜೆ ಹಾಕದೆ ಬೆಳಗ್ಗೆ ಹಾಕಿದರೆ ರಾತ್ರಿಯ ಹೊತ್ತಿಗೆ ಮಣ್ಣಿನ ಮೇಲ್ಮೈ ಒಣಗಿ ಹುಳುವಿಗೆ ನಡೆಯುವುದು ಕಷ್ಟವಾಗುತ್ತದೆ. ಸಸಿಯನ್ನು ಸೂರಿನ ಕೆಳಗೆ ಬೆಳೆಸಿ, ಗೇಣುದ್ದವಾದ ಮೇಲೆ ಮಡಿಗೆ ನೆಟ್ಟರೆ ಅರ್ಧ ಅಪಾಯ ಕಳೆಯುತ್ತದೆ.

ಕೆಂಬೂತ ಎಂಬ ಹಕ್ಕಿ, ತಮಿಳಿನಲ್ಲಿ ಸೆಂಬೋತ್ತು, ಈ ಹುಳುವನ್ನು ಒಡೆದು ತಿನ್ನುತ್ತದೆ. ವಿಷ ಹಾಕಿದಲ್ಲಿ ಈ ಮಿತ್ರನಿಗೂ ಅಪಾಯ. ಹಾಗೆಂದು ಹುಳು ತಿನ್ನುವ ಪ್ರಾಣಿಯನ್ನು ಹೊರದೇಶದಿಂದ ತರುವ ಬುದ್ಧಿಯೂ ಸಲ್ಲದು. ಹವಾಯಿಯಲ್ಲಿ 1955ರಲ್ಲಿ ಹುಳುವನ್ನೇ ತಿನ್ನುವ ಬೇರೊಂದು ಜಾತಿಯ ಹುಳುವನ್ನು ತಂದು ಬಿಟ್ಟರು. ಅದು ಅಲ್ಲಿನ ನಿರಪರಾಧಿ ಸ್ಥಳೀಯ ಹುಳುಗಳ ವಂಶಗಳನ್ನೇ ತಿಂದು ಹಾಕಿತು.

ಮಕ್ಕಳ ಕೈ

ಈಗ ಹೇಳುವ ಮಾತನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಇಲಿಯ ಶ್ವಾಸಕೋಶದ ರಕ್ತನಾಳಗಳಲ್ಲಿ ವಾಸಿಸುವ ಒಂದು ಸಣ್ಣ ದಾರದಂಥ ಕ್ರಿಮಿಯುಂಟು. ಅದರ ಮರಿಗಳು ಇಲಿಯ ಹಿಕ್ಕೆಯ ಮೂಲಕ ಬಸವನ ಹುಳುವಿನ ಮೈಯನ್ನು ಸೇರುತ್ತವೆ. ಹಸಿ ಸೊಪ್ಪಿನಲ್ಲಿ ಅಡಗಿದ ಸಣ್ಣ ಹುಳುವಿನೊಡನೆಯಾಗಲಿ, ಹುಳು ಮುಟ್ಟಿದ ಕೈಯನ್ನು ಬಾಯಿಗಿಟ್ಟುಕೊಂಡುದರಿಂದಾಗಲಿ ಅದು ಮನುಷ್ಯನ ಮೈ ಸೇರಿದರೆ ಮಿದುಳಿನ ಪೊರೆಗೆ ಊತ ಬರಬಹುದು: ವಿಪರೀತ ತಲೆನೋವು, ಕತ್ತು ಬಿಗಿತ, ವಾಂತಿ. ಹಾಗೆ ಆಗುವುದು ಅಪರೂಪವಾದರೂ ಉದಾಸೀನ ಮಾಡತಕ್ಕದ್ದಲ್ಲ. ಆದುದರಿಂದ ಹುಳುವನ್ನು ಬರಿಗೈಯಿಂದ ಮುಟ್ಟದೆ, ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡಾಗಲಿ ಚಿಮ್ಮಟದಿಂದಾಗಲಿ ತೆಗೆಯಬೇಕು. ಆಮೇಲೆ ಸೋಪು ಹಚ್ಚಿ ಕೈತೊಳೆಯಬೇಕು. ಸೊಪ್ಪನ್ನು ಎಲೆಯೆಲೆಯಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆದು, ಬೇಯಿಸಿಯೇ ತಿನ್ನಬೇಕು. ನಮ್ಮ ಸಾರು, ಪಲ್ಯ, ಹುಳಿ ಈ ವಿಷಯದಲ್ಲಿ ನಿರ್ಭಯ. ಕೊತ್ತಂಬರಿಯನ್ನು ಹಸಿಯಾಗಿ ಉದುರಿಸುವಾಗ, ಕೋಸಂಬರಿ ಮಾಡುವಾಗ ಎಚ್ಚರ ಬೇಕು. ಮಕ್ಕಳು ಚಿಪ್ಪನ್ನು ಆಟದ ಸಾಮಾನು ಮಾಡಿಕೊಳ್ಳದಂತೆ ನೋಡಿಕೊಳ್ಳಿರಿ.

ಗೋಡೆಯ ಆಚೆ

ಕೊನೆಯದಾಗಿ, ನಮ್ಮ ಮನಸ್ಸಿನಲ್ಲಿ ಹೆಚ್ಚು ಭಾರವಾಗಿರುವ ಸಂಗತಿ. ಹುಳುವನ್ನು ಆರಿಸಿ ಗೋಡೆಯ ಆಚೆ ಎಸೆಯುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ ಎಂದು ಕೇಳುತ್ತೇವೆ. ಆಚೆಯ ಮನೆಯವರೂ ಹಾಗೆಯೇ ಹಿಂತಿರುಗಿಸುತ್ತಾರೆ. ಹುಳುವಿಗೆ ಇದರಿಂದ ನಷ್ಟವಿಲ್ಲ. ಅದು ಎರಡೂ ಕಡೆ ಉಣ್ಣುತ್ತದೆ. ನಷ್ಟವಾಗುವುದು ನೆರೆಹೊರೆಯ ಸ್ನೇಹಕ್ಕೆ. ಮಾತು ಬೆಳೆದು, ಭಾಷೆಯ ಮೇಲೆ ಹೋಗಿ, ನೀವು ಅಲ್ಲಿಯವರು ನಾವು ಇಲ್ಲಿಯವರು ಎನ್ನುವವರೆಗೂ ಬಂದರೆ, ಒಂದು ಹಿಡಿ ಹರಿವೆಗೆ ತೆತ್ತ ಬೆಲೆ ಬಹಳವಾಯಿತು.

1966ರಲ್ಲಿ ಅಮೇರಿಕದ ಮಯಾಮಿಯಲ್ಲಿ ಒಬ್ಬ ಹುಡುಗ ಹವಾಯಿಯಿಂದ ಇಂತಹ ಮೂರು ಹುಳುಗಳನ್ನು ತಂದನು. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. ಏಳು ವರ್ಷಗಳಲ್ಲಿ ಸಿಕ್ಕಿದ ಹುಳುಗಳ ಸಂಖ್ಯೆ 18,000ಕ್ಕೂ ಮೀರಿತ್ತು. ಅವನ್ನು ನಿರ್ಮೂಲ ಮಾಡಲು ಸುಮಾರು ಹತ್ತು ವರ್ಷ, ಹತ್ತು ಲಕ್ಷ ಡಾಲರು ಬೇಕಾಯಿತು. ಮನೆಮನೆಗೂ ಹೋಗಿ ಹುಡುಕಿದ್ದರಿಂದ ಆ ಕೆಲಸ ಸಾಧ್ಯವಾಯಿತು. ಒಂದು ಮನೆ ಆರಿಸಿ ಪಕ್ಕದ ಮನೆ ಬಿಟ್ಟರೆ ಫಲವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಈ ಊರು ನಮಗೆ ಅನ್ನ ಕೊಟ್ಟಿದೆ. ನಾವೂ ಈ ಊರಿಗೆ ಅನ್ನ ಬಡಿಸಿದ್ದೇವೆ. 1835ರಲ್ಲಿ ಹುಟ್ಟಿದ ಇಲ್ಲಿನ ತೋಟಗಾರಿಕೆಯ ಸಂಸ್ಥೆಯ ನೆರಳಿನಲ್ಲಿ, ಕ್ಯಾಥೆಡ್ರಲ್ ರಸ್ತೆಯ ಮರಗಳ ಕೆಳಗೆ, 1962ರಿಂದ 2008ರವರೆಗೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ನಡೆಯಿತು. ದಕ್ಷಿಣ ಕನ್ನಡದಿಂದ ಬಂದ ಕೆ. ಕೃಷ್ಣರಾಯರು ಕಟ್ಟಿದ ಸಂಸ್ಥೆಯ ಆ ಶಾಖೆಯಲ್ಲಿ ಈ ಊರಿನ ಜನ ಎರಡು ತಲೆಮಾರು ಕಾಫಿ ಕುಡಿದರು. ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸರಕಾರಿ ಉದ್ಯಾನ ತೆರೆಯಿತು. ತೋಟ, ತಿಂಡಿ, ತಮಿಳು, ಕನ್ನಡ ಇವೆಲ್ಲ ಈ ಊರಿನಲ್ಲಿ ಹೀಗೆ ಬೆರೆತು ಬಾಳಿದ ಮೇಲೆ, ನಾವು ಒಂದು ಗೋಡೆಯ ಎರಡು ಬದಿಯಲ್ಲಿ ನಿಂತು ಹುಳು ಎಸೆದಾಡುವುದು ಶೋಭಿಸೀತೇ?

ನಮ್ಮ ಸೂಚನೆ ಇಷ್ಟು. ಐಪಸಿ ತಿಂಗಳ ಮೊದಲ ಮಳೆ ಬಿದ್ದ ಮರುದಿನ ನೆರೆಮನೆಯ ಬಾಗಿಲು ತಟ್ಟಿರಿ. ‘ನಮ್ಮಲ್ಲಿ ನತ್ತೈ ಕಾಟ, ನಿಮ್ಮಲ್ಲಿಯೂ ಇದ್ದೀತು. ಒಂದೇ ದಿನ ಇಬ್ಬರೂ ಆರಿಸೋಣ’ ಎಂದು ಅವರ ಭಾಷೆಯಲ್ಲೇ, ಬಂದಷ್ಟು ತಮಿಳಿನಲ್ಲಿ, ಹೇಳಿರಿ. ಸಾಧ್ಯವಾದರೆ ಬೀದಿಯ ಎಲ್ಲ ಮನೆಗಳೂ ವಾರಕ್ಕೆ ಎರಡು ಬೆಳಗ್ಗೆ, ಮಳೆ ನಿಲ್ಲುವವರೆಗೆ, ಹೀಗೆ ಮಾಡಲಿ. ಬಕೆಟ್ಟು ಒಂದು ಮನೆಯದಾಗಲಿ, ಉಪ್ಪು ಇನ್ನೊಂದು ಮನೆಯದಾಗಲಿ. ಮಾರ್ಗಳಿಯ ಹೊತ್ತಿಗೆ ಹರಿವೆ ಚಿಗುರಿದಾಗ ಮೊದಲ ಕಟ್ಟನ್ನು ಗೋಡೆಯ ಆಚೆಗೆ ಕೊಡಿರಿ.

 ಬೀಜ ಬೇಕಾದವರು ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆಯಿಸಬಹುದು. ಹೆಚ್ಚಿಗೆ ಇರುವವರು ದಯಮಾಡಿ ತಂದುಕೊಡಬೇಕು.